ನೀಲಗಿರಿಯ ಜೌಗುಗಳಲ್ಲಿ ಉಳಿದ ಮಳೆಯ ಇತಿಹಾಸ

ನಮ್ಮ ತಾಳವಾಡಿ ಸೀಮೆಯ ಜನಕ್ಕೆ ಇತಿಹಾಸವೆಂದರೆ ಕಲ್ಲು. ಹೊಲದ ಬದುವಿನಲ್ಲಿ ಓರೆಯಾಗಿ ನಿಂತ ವೀರಗಲ್ಲು, ಗುಡಿಯ ಮುಂದಿನ ಕಂಬ, ಅಕ್ಷರ ಸವೆದುಹೋದ ಶಾಸನ, ಇವುಗಳನ್ನು ತೋರಿಸಿ ನಾವು ಇಲ್ಲಿಯ ಮೂಲದವರೆಂದು ಹೇಳುವುದು ಗಡಿನಾಡಿನವರಾದ ನಮಗೆ ರೂಢಿಯಾಗಿದೆ. ರೂಢಿಯೇನೋ ತಪ್ಪಲ್ಲ. ನಮಗೆ ಸಮೀಪದ ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿ ಕ್ರಿ. ಶ. ೧೧೧೭ರ ಶಾಸನವೊಂದಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ತೊದವರನ್ನು ಬೆದರಿಸಿ ನೀಲಗಿರಿಯನ್ನು ಗೆದ್ದ ಸಂಗತಿ ಅದರಲ್ಲಿ ಬಂದಿದೆ. ನೀಲಗಿರಿಯ ಎಮ್ಮೆಗಾಹಿಗಳಾದ ತೋಡರ ಹೆಸರು ಬರವಣಿಗೆಯಲ್ಲಿ ಮೊಟ್ಟಮೊದಲು ಕಾಣಿಸಿಕೊಂಡುದು ಈ ಕನ್ನಡ ಶಾಸನದಲ್ಲಿಯೇ ಎಂದು ವಿದ್ವಾಂಸರು ಹೇಳುತ್ತಾರೆ. ಆ ಬೆಟ್ಟದ ಲಿಖಿತ ಇತಿಹಾಸದ ಬಾಗಿಲನ್ನು ತೆರೆದುದು ನಮ್ಮ ನುಡಿಯೆಂದು ನಾವು ಹೆಮ್ಮೆಪಟ್ಟುಕೊಳ್ಳಬಹುದು.

ಆದರೆ ಆ ಬಾಗಿಲು ತೆರೆದುದು ಕೇವಲ ಒಂಬೈನೂರು ವರ್ಷಗಳ ಹಿಂದೆ. ಅದಕ್ಕೂ ಮೊದಲು ಅಲ್ಲಿ ಏನಿತ್ತು? ಮಳೆ ಹೇಗಿತ್ತು? ಕಾಡು ಎಷ್ಟಿತ್ತು, ಹುಲ್ಲು ಎಷ್ಟಿತ್ತು? ಇದನ್ನು ಕಲ್ಲು ಹೇಳಲಾರದು. ಇದಕ್ಕೆ ಉತ್ತರವಿರುವುದು ಕೆಸರಿನಲ್ಲಿ. ಕೆಸರೂ ಇತಿಹಾಸದ ಆಕರವೆಂದರೆ ಕೆಲವರಿಗೆ ನಗೆಬಂದೀತು. ಕನ್ನಡ ಪಾಠ ಹೇಳುವ ನಮಗೂ ಮೊದಲು ನಗೆಯೇ ಬಂದಿತ್ತು.

ಬಯಲುಸೀಮೆಯ ನಮಗೆ ಜಲಾಶಯವೆಂದರೆ ಕೆರೆ. ಕೆರೆಯನ್ನು ಕಟ್ಟಿದವನು ಮನುಷ್ಯ. ಏರಿ ಹಾಕಿದವನ ಹೆಸರು, ತೂಬು ಇಡಿಸಿದವನ ಹೆಸರು ಅನೇಕ ಕಡೆ ಕಲ್ಲಿನಲ್ಲಿ ಸಿಕ್ಕುತ್ತವೆ. ಕೆರೆಯಲ್ಲಿ ತುಂಬಿದ ಹೂಳನ್ನು ಕಾಲಕಾಲಕ್ಕೆ ಎತ್ತಿ ಹೊಲಕ್ಕೆ ಹಾಕುವುದು ಪುಣ್ಯಕಾರ್ಯ. ಬೆಟ್ಟದ ಮೇಲಿನ ಜೌಗುಗಳಾದರೋ ಮನುಷ್ಯನು ಕಟ್ಟಿದವಲ್ಲ; ಅವುಗಳನ್ನು ಕಟ್ಟಿದುದು ಮಳೆ. ಅವುಗಳ ಹೂಳನ್ನು ಯಾರೂ ಎತ್ತಲಿಲ್ಲ. ಆದಕಾರಣವೇ ಅಲ್ಲಿ ಒಂದರ ಮೇಲೊಂದರಂತೆ ಬಿದ್ದ ಪದರಗಳು ಕದಲದೆ ಉಳಿದಿವೆ. ಕೆರೆಗೆ ಹೂಳು ರೋಗ. ಜೌಗಿಗೆ ಹೂಳೇ ಜೀವ.

ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಗುಂಡ್ಲುಪೇಟೆ, ಬಂಡೀಪುರಗಳ ಮಾರ್ಗವಾಗಿ ಉದಕಮಂಡಲಕ್ಕೆ ಹೋಗಿದ್ದೆವು. ಮಕ್ಕಳ ಮನಸ್ಸೆಲ್ಲ ದೋಣಿವಿಹಾರದಲ್ಲಿತ್ತು. ನಮ್ಮ ಸಹೋದ್ಯೋಗಿಯೊಬ್ಬರ ಬಂಧುಗಳಾದ ಬಡಗ ಹಿರಿಯರೊಬ್ಬರು, “ಮೇಷ್ಟ್ರೇ, ದೋಣಿ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ನಮ್ಮ ಜೌಗು ನೋಡಿ ಬನ್ನಿ” ಎಂದು ಪೈಕಾರದ ದಾರಿಯಲ್ಲಿರುವ ಸ್ಯಾಂಡಿನಲ್ಲಾ ಕಣಿವೆಯ ಕಡೆಗೆ ಕರೆದೊಯ್ದರು. ಸಮುದ್ರಮಟ್ಟದಿಂದ ೨,೦೦೦ ಮೀಟರಿಗೂ ಎತ್ತರದ ಸ್ಥಳ. ಸುತ್ತಲೂ ಬೋಳಾದ ಹುಲ್ಲುಗುಡ್ಡಗಳು, ಅವುಗಳ ಮಡಿಲಲ್ಲಿ ಕಂಕುಳಿಗೆ ಸಿಕ್ಕಿಸಿದಂತೆ ಚಿಕ್ಕ ಚಿಕ್ಕ ಶೋಲಾ ಕಾಡುಗಳು, ತಗ್ಗಿನಲ್ಲಿ ಹಸಿರು ಹಾಸಿದಂತೆ ಕಾಣುವ ಸಮನೆಲ. ಆ ಸಮನೆಲದ ಮೇಲೆ ಕಾಲಿಟ್ಟರೆ ನೆಲವೇ ಹಾಸಿಗೆಯಂತೆ ಕುಗ್ಗಿ ಏಳುತ್ತದೆ. ಒಬ್ಬ ಹುಡುಗನ ಕಾಲು ಮೊಣಕಾಲಿನವರೆಗೆ ಹೂತುಹೋಗಿ, ಎಳೆದು ತೆಗೆದಾಗ ಚಪ್ಪಲಿಯೊಂದು ಒಳಗೇ ಉಳಿಯಿತು. ಹಿಂದಿನ ರಾತ್ರಿ ಇಬ್ಬನಿಯು ಹೆಪ್ಪುಗಟ್ಟಿ ಹುಲ್ಲಿನ ತುದಿಗಳೆಲ್ಲ ಸುಟ್ಟಂತೆ ಕಂದಿದ್ದವು.

ಇಂಥ ಜೌಗು ಹುಟ್ಟುವ ಬಗೆ ಸರಳವಾದುದು. ಗುಡ್ಡದಿಂದ ಒಸರುವ ನೀರು ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲಿ ಬೆಳೆದ ಜೊಂಡು ಹುಲ್ಲುಗಳು ಸತ್ತು ನೀರಿನೊಳಗೆ ಬೀಳುತ್ತವೆ. ಒಣನೆಲದಲ್ಲಾದರೆ ಗಾಳಿ ತಗಲಿ ಅವು ಒಂದೆರಡು ವರ್ಷಗಳಲ್ಲಿ ಕೊಳೆತು ಮಣ್ಣಾಗುತ್ತಿದ್ದವು. ನಿಂತ ನೀರಿನೊಳಗೆ ಪ್ರಾಣವಾಯು ಸಾಲದು. ಮೇಲಾಗಿ ಅಲ್ಲಿಯ ಚಳಿ. ಆದುದರಿಂದ ಅವು ಅರೆಕೊಳೆತ ಸ್ಥಿತಿಯಲ್ಲಿಯೇ ಉಳಿದು, ಮೇಲೆ ಮತ್ತಷ್ಟು ಬಿದ್ದು, ಒತ್ತಡಕ್ಕೆ ಸಿಕ್ಕಿ ಕರಿಯ ನಾರುಮಣ್ಣಾಗುತ್ತವೆ. ಇದಕ್ಕೆ ಪೀಟ್ ಎಂದು ಹೆಸರು. ಇದು ಬೆಳೆಯುವ ವೇಗ ಎಷ್ಟು ಕಡಿಮೆಯೆಂದರೆ, ಒಬ್ಬ ಮನುಷ್ಯನ ಆಯುಷ್ಯಕ್ಕೆ ಕೆಲವು ಬೆರಳು ದಪ್ಪ ಬೆಳೆದರೆ ಹೆಚ್ಚು. ಮಳೆ ಚೆನ್ನಾಗಿದ್ದ ಶತಮಾನಗಳಲ್ಲಿ ಜೌಗು ಹಿಗ್ಗುತ್ತದೆ. ಮಳೆ ಸೊರಗಿದಾಗ ಅಂಚುಗಳು ಒಣಗಿ ಕುಗ್ಗುತ್ತವೆ. ಹಿಗ್ಗಿದುದೂ ಕುಗ್ಗಿದುದೂ ಪದರಗಳಲ್ಲಿ ಗುರುತಾಗಿ ಉಳಿಯುತ್ತದೆ.

ಈ ಗುರುತನ್ನು ಓದಬೇಕೆಂಬ ಕುತೂಹಲ ಏಕೆ ಹುಟ್ಟಿತು ಎಂಬುದಕ್ಕೆ ಒಂದು ಹಳೆಯ ವ್ಯಾಜ್ಯದ ಕಥೆಯನ್ನು ಹೇಳಬೇಕು. ಈ ಬೆಟ್ಟದಲ್ಲಿ ವರ್ಷಕ್ಕೆ ಬೀಳುವ ಮಳೆಯನ್ನು ನೋಡಿದರೆ ಎಲ್ಲೆಲ್ಲಿಯೂ ಕಾಡಿರಬೇಕು. ಆದರೆ ಶೋಲಾ ಕಾಡು ಮಡಿಕೆಗಳಲ್ಲಿ ಮಾತ್ರ ಇದೆ; ಗುಡ್ಡದ ಮೈಯೆಲ್ಲ ಹುಲ್ಲು. ಹೀಗೇಕೆ? ಅನೇಕ ಆಂಗ್ಲ ಅಧಿಕಾರಿಗಳ ಉತ್ತರ ಸಿದ್ಧವಾಗಿತ್ತು: ತೋಡರು ಎಮ್ಮೆಯ ಮೇವಿಗಾಗಿ ಹುಲ್ಲಿಗೆ ಬೆಂಕಿಯಿಟ್ಟು ಇಟ್ಟು ಕಾಡನ್ನು ಹಾಳುಮಾಡಿದರು, ಬಡಗರು ಕಡಿದು ಹೊಲ ಮಾಡಿ ಬಿಟ್ಟುಹೋದರು, ಈ ಹುಲ್ಲುಗಾವಲು ಸತ್ತ ಕಾಡಿನ ಸ್ಮಶಾನ. ಹೀಗೆಂದ ಮೇಲೆ ಹುಲ್ಲುಗಾವಲು ಬೆಲೆಯಿಲ್ಲದ ಪಾಳುಭೂಮಿಯಾಯಿತು. ಪಾಳುಭೂಮಿಯಲ್ಲಿ ಮರ ನೆಟ್ಟರೆ ಉಪಕಾರವೇ ಆಯಿತಲ್ಲ! ೧೯೩೮ರಲ್ಲಿ ಈ ವಿಷಯವಾಗಿ ಇಬ್ಬರು ಅರಣ್ಯತಜ್ಞರು ಎದುರುಬದುರಾದರು. ಸಿ. ಆರ್. ರಂಗನಾಥನ್ ಎಂಬವರು, ಇದು ಮನುಷ್ಯಕೃತವಲ್ಲ, ಚಳಿಗಾಲದ ರಾತ್ರಿ ಹೆಪ್ಪುಗಟ್ಟುವ ಇಬ್ಬನಿಯು ಬಯಲಿನಲ್ಲಿ ಮೊಳೆತ ಕಾಡುಮರದ ಸಸಿಗಳನ್ನು ಕೊಲ್ಲುತ್ತದೆ, ಆದಕಾರಣ ಕಾಡೂ ಹುಲ್ಲೂ ಎರಡೂ ಈ ಹವೆಯ ಸಹಜ ಸಂತಾನಗಳು ಎಂದು ವಾದಿಸಿದರು. ಎನ್. ಎಲ್. ಬೋರ್ ಎಂಬವರು, ಅಲ್ಲ, ಬೆಂಕಿಯೂ ಮೇಯಿಸುವಿಕೆಯೂ ಕಾರಣ ಎಂದರು. ಎರಡು ಪಕ್ಷಕ್ಕೂ ತರ್ಕವಿತ್ತು, ಸಾಕ್ಷಿ ಇರಲಿಲ್ಲ. ಸಾಕ್ಷಿಯು ಅವರ ಬೂಟುಗಳ ಕೆಳಗೇ ಇತ್ತೆಂಬುದು ಆಮೇಲೆ ತಿಳಿಯಿತು.

ಮೊದಲು ಕೈಹಾಕಿದವರು ಪರಾಗ ಶಾಸ್ತ್ರಜ್ಞರು. ಹೂವಿನ ಪರಾಗದ ಕಣಕ್ಕೆ ಗಟ್ಟಿಯಾದ ಚಿಪ್ಪಿದೆ. ಅದು ಜೌಗಿನಲ್ಲಿ ಬಿದ್ದರೆ ಸಾವಿರಾರು ವರ್ಷ ಕೆಡದು. ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಇಂಥ ಗಿಡದ್ದೆಂದು ಹೇಳಬಹುದು. ೧೯೭೦ರ ದಶಕದ ಆದಿಯಲ್ಲಿ ವಿಷ್ಣು ಮಿತ್ರೆ ಮತ್ತು ಗುಪ್ತ ಎಂಬ ವಿದ್ವಾಂಸರು ನೀಲಗಿರಿಯ ಶೋಲಾ ಕಾಡಿನ ಮೂಲವನ್ನು ಹೀಗೆ ಶೋಧಿಸಿದರು. ೧೯೮೮ರಲ್ಲಿ ವಸಂತಿ ಎಂಬ ವಿದುಷಿ ಸ್ಯಾಂಡಿನಲ್ಲಾ ಕಣಿವೆಯ ಪದರಗಳ ಪರಾಗವನ್ನು ಎಣಿಸಿ, ಬಹು ಹಳೆಯ ಪದರಗಳಲ್ಲಿಯೂ ಹುಲ್ಲಿನ ಪರಾಗವಿರುವುದನ್ನು ತೋರಿಸಿದರು.

ಅನಂತರ ೧೯೯೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್, ಅಹಮದಾಬಾದಿನ ಭೌತ ಸಂಶೋಧನಾಲಯದ ರಮೇಶ್ ಮುಂತಾದವರು ಅದೇ ಕಣಿವೆಯ ಕರಿಮಣ್ಣನ್ನು ಬೇರೊಂದು ಬಗೆಯಲ್ಲಿ ಓದಿದರು. ಈ ಬಗೆಯನ್ನು ಸ್ವಲ್ಪ ವಿವರಿಸದೆ ಮುಂದೆ ಹೋಗುವಂತಿಲ್ಲ. ಸಸ್ಯಗಳು ಗಾಳಿಯಿಂದ ಇಂಗಾಲವನ್ನು ಹೀರುತ್ತವೆ. ಇಂಗಾಲದಲ್ಲಿ ಹಗುರವಾದುದೊಂದು, ತುಸು ಭಾರವಾದುದೊಂದು ಉಂಟು. ಭಾರವಾದುದು ನೂರಕ್ಕೆ ಸುಮಾರು ಒಂದು ಪಾಲು ಮಾತ್ರ. ಎಲ್ಲ ಸಸ್ಯಗಳೂ ಈ ಎರಡನ್ನೂ ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. ಈ ದೃಷ್ಟಿಯಿಂದ ಸಸ್ಯಗಳಲ್ಲಿ ಎರಡು ಮುಖ್ಯ ಪಂಗಡಗಳಿವೆ. ಭತ್ತ, ಬಹುಮಟ್ಟಿಗೆ ಎಲ್ಲ ಮರಗಳು, ತಂಪುದೇಶದ ಹುಲ್ಲುಗಳು ಒಂದು ಪಂಗಡ. ರಾಗಿ, ಜೋಳ, ಕಬ್ಬು, ಬಿಸಿಲುಸೀಮೆಯ ಅನೇಕ ಹುಲ್ಲುಗಳು ಇನ್ನೊಂದು. ವಿಜ್ಞಾನಿಗಳು ಇವಕ್ಕೆ ಇಟ್ಟ ಹೆಸರು ಬೇರೆ. ನಮ್ಮ ಮಕ್ಕಳಿಗೆ ತಿಳಿಯಲೆಂದು ನಾವು ಭತ್ತದ ಪಂಗಡ, ರಾಗಿಯ ಪಂಗಡ ಎಂದು ಕರೆದೆವು. ಗೊತ್ತಾದ ಒಂದು ಅಳತೆಗೋಲಿಗೆ ಹೋಲಿಸಿದರೆ, ಭಾರದ ಇಂಗಾಲವು ಭತ್ತದ ಪಂಗಡದಲ್ಲಿ ಸಾವಿರಕ್ಕೆ ಸುಮಾರು ೨೭ ಪಾಲು ಕಡಿಮೆ, ರಾಗಿಯ ಪಂಗಡದಲ್ಲಿ ಸುಮಾರು ೧೩ ಪಾಲು ಮಾತ್ರ ಕಡಿಮೆ. ಸತ್ತು ಕರಿಮಣ್ಣಾದರೂ ಈ ಗುರುತು ಅಳಿಯದು. ಭತ್ತಕ್ಕೆ ನೀರು ಬೇಕು, ರಾಗಿ ಬರವನ್ನು ತಾಳುತ್ತದೆ ಎಂಬುದನ್ನು ತಾಳವಾಡಿಯ ರೈತನಿಗೆ ನಾವು ಹೇಳಿಕೊಡಬೇಕಾಗಿಲ್ಲ. ಅಂತೆಯೇ ಬೆಟ್ಟದಲ್ಲಿ ಮಳೆ ಸಮೃದ್ಧವಾಗಿದ್ದಾಗ ಭತ್ತದ ಪಂಗಡದ ಗಿಡಮರಗಳೂ ಮಳೆ ಸೊರಗಿದಾಗ ರಾಗಿಯ ಪಂಗಡದ ಹುಲ್ಲೂ ಮೇಲುಗೈ ಪಡೆಯುತ್ತವೆ. ಯಾವ ಪದರ ಯಾವ ಕಾಲದ್ದೆಂಬುದನ್ನು ಹೇಳುವುದು ಇಂಗಾಲದ ಮತ್ತೊಂದು ರೂಪ. ಅದು ೫,೭೩೦ ವರ್ಷಗಳಿಗೊಮ್ಮೆ ಅರ್ಧರ್ಧವಾಗಿ ಸವೆಯುತ್ತದೆ. ಉಳಿದಿರುವುದನ್ನು ಅಳೆದರೆ ಸತ್ತು ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ಈ ಉಪಾಯವನ್ನು ಕಂಡುಹಿಡಿದ ಲಿಬ್ಬಿ ಎಂಬ ಅಮೆರಿಕದ ವಿಜ್ಞಾನಿಗೆ ೧೯೬೦ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಹೀಗೆ ಓದಿದಾಗ ತಿಳಿದುಬಂದ ಕಥೆ ಇದು. ಸುಮಾರು ೨೦,೦೦೦ದಿಂದ ೧೮,೦೦೦ ವರ್ಷಗಳ ಹಿಂದೆ, ಅಂದರೆ ಉತ್ತರ ಖಂಡಗಳನ್ನು ಹಿಮದ ಹಾಳೆಗಳು ಮುಚ್ಚಿದ್ದ ಕಾಲದಲ್ಲಿ, ನೀಲಗಿರಿ ಒಣಗಿತ್ತು. ಅಲ್ಲಿ ರಾಗಿಯ ಪಂಗಡದ ಹುಲ್ಲು ರಾಜ್ಯವಾಳುತ್ತಿತ್ತು. ಹಿಮ ಕರಗತೊಡಗಿದ ಮೇಲೆ ಮುಂಗಾರು ಮೆಲ್ಲಮೆಲ್ಲನೆ ಬಲವಾಯಿತು. ಸುಮಾರು ೧೦,೦೦೦ ವರ್ಷಗಳ ಹಿಂದಿನ ಹೊತ್ತಿಗೆ ಬೆಟ್ಟ ತೊಯ್ದು ಹಸಿಯಾಗಿ, ಭತ್ತದ ಪಂಗಡದ ಮರಗಿಡಗಳು ಹಬ್ಬಿದವು. ಬಳಿಕ ೬,೦೦೦ದಿಂದ ೩,೫೦೦ ವರ್ಷಗಳ ಹಿಂದಿನ ಅವಧಿಯಲ್ಲಿ ಮತ್ತೆ ಒಣಹವೆ, ಮತ್ತೆ ಹುಲ್ಲು. ಸುಮಾರು ೬೦೦ ವರ್ಷಗಳ ಹಿಂದೆ ಒಂದು ಚಿಕ್ಕ ಹಸಿಗಾಲ. ೧೯೯೭ರಲ್ಲಿ ಇದೇ ವಿದ್ವಾಂಸರು ಇನ್ನೂ ಆಳದ ಪದರಗಳನ್ನು ಓದಿ ಕಥೆಯನ್ನು ೪೦,೦೦೦ ವರ್ಷಗಳವರೆಗೆ ಹಿಂದಕ್ಕೆ ಒಯ್ದರು. ವೇದ, ಆಗಮ, ಸಂಗಮ್ ಸಾಹಿತ್ಯ, ಹಲ್ಮಿಡಿ ಶಾಸನ ಇವೆಲ್ಲವೂ ಆ ಗುಂಡಿಯ ಮೇಲುಭಾಗದ ಪದರಗಳಲ್ಲಿಯೇ ಅಡಗಿಬಿಡುತ್ತವೆ ಎಂದು ಹೇಳಿದಾಗ ಮಕ್ಕಳು ಬಾಯಿಬಿಟ್ಟು ನೋಡಿದರು.

ಮಳೆ ಹೀಗೆ ಏರಿಳಿದುದಕ್ಕೆ ಕಾರಣವೇನು? ಅದು ಆಕಾಶದಲ್ಲಿದೆ. ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪಕ್ಕೆ ಬರುವುದು ಈಗ ಜನವರಿಯ ಮೊದಲ ವಾರದಲ್ಲಿ. ನಮ್ಮ ಜ್ಯೋತಿಷಿಗಳು ಬಲ್ಲ ಅಯನಚಲನೆಯೂ ಭೂಕಕ್ಷೆಯ ತಿರುಗುವಿಕೆಯೂ ಸೇರಿ, ಈ ಸಮೀಪದ ದಿನವು ಸುಮಾರು ೨೧,೦೦೦ ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಒಂದು ಸುತ್ತು ಹಾಕುತ್ತದೆ. ಸುಮಾರು ೧೧,೦೦೦ ವರ್ಷಗಳ ಹಿಂದೆ ಅದು ನಮ್ಮ ಬೇಸಗೆಯಲ್ಲಿ ಬೀಳುತ್ತಿತ್ತು. ಬೇಸಗೆಯ ಬಿಸಿಲು ಹೆಚ್ಚಾದರೆ ನೆಲ ಹೆಚ್ಚು ಕಾಯುತ್ತದೆ. ನೆಲ ಕಾದಷ್ಟೂ ಸಮುದ್ರದ ತೇವಗಾಳಿಯನ್ನು ಬಲವಾಗಿ ಸೆಳೆಯುತ್ತದೆ. ಮುಂಗಾರೆಂದರೆ ಇಷ್ಟೇ. ಹಿಮಯುಗದಲ್ಲಿಯಾದರೋ ಸಮುದ್ರ ತಣ್ಣಗಿತ್ತು. ನೀರೆಲ್ಲ ಹಿಮವಾಗಿ ಕಟ್ಟಿಕೊಂಡು ಸಮುದ್ರಮಟ್ಟ ಈಗಿಗಿಂತ ಸುಮಾರು ೧೨೦ ಮೀಟರ್ ಕೆಳಗಿತ್ತು. ಲಂಕೆಗೆ ಕಾಲುನಡಗೆಯಲ್ಲಿ ಹೋಗಬಹುದಾಗಿತ್ತು. ಅಂಥ ಕಾಲದಲ್ಲಿ ಮುಂಗಾರು ಬಡವಾಗಿದ್ದುದು ಆಶ್ಚರ್ಯವಲ್ಲ.

ಇದು ನೀಲಗಿರಿಯೊಂದರ ಮಾತಲ್ಲ. ಮುಂಗಾರಿನ ಇದೇ ಏರಿಳಿತವು ದೂರದ ರಾಜಸ್ಥಾನದ ಸರೋವರಗಳಲ್ಲಿಯೂ ಗುರುತು ಬಿಟ್ಟಿದೆ. ಅಲ್ಲಿಯ ಸಾಂಭರ್, ದೀದ್ವಾನ, ಲೂಣಕರಣಸರ್ ಮುಂತಾದ ಉಪ್ಪುಕೆರೆಗಳ ತಳವನ್ನು ೧೯೭೦ರ ದಶಕದಲ್ಲಿ ಗುರುದೀಪ್ ಸಿಂಗ್ ಎಂಬವರು ಪರೀಕ್ಷಿಸಿ, ಈಗ ಮರಳುಗಾಡಾಗಿರುವ ಸೀಮೆಯಲ್ಲಿ ಒಮ್ಮೆ ತುಂಬಿದ ಸರೋವರಗಳಿದ್ದುವೆಂದು ತೋರಿಸಿದರು. ಸರೋವರ ಬತ್ತಿದುದರಿಂದಲೇ ಸಿಂಧೂ ನಾಗರಿಕತೆ ಅಳಿಯಿತೆಂದು ಆಗ ಅನೇಕರು ಬರೆದರು. ಆದರೆ ೧೯೯೯ರಲ್ಲಿ ಪ್ರಕಟವಾದ ಶೋಧನೆಯಂತೆ ಲೂಣಕರಣಸರ್ ಬತ್ತಿದುದು ಆ ನಾಗರಿಕತೆ ಉಚ್ಛ್ರಾಯಕ್ಕೆ ಬರುವುದಕ್ಕಿಂತ ಮುಂಚೆಯೇ! ಅಂದರೆ ಮಳೆ ಸೊರಗಿದ ಮೇಲೆಯೂ ಆ ಜನ ಊರು ಕಟ್ಟಿ ಬಾಳಿದರು. ಹವೆ ಬದಲಾಯಿತು, ಆದ್ದರಿಂದ ಜನ ನಾಶವಾದರು ಎಂದು ಒಂದೇ ವಾಕ್ಯದಲ್ಲಿ ಇತಿಹಾಸವನ್ನು ಮುಗಿಸುವವರನ್ನು ನಾವು ನಂಬುವುದಿಲ್ಲ.

ಇದೇ ಎಚ್ಚರ ನೀಲಗಿರಿಯ ವಿಷಯದಲ್ಲಿಯೂ ಬೇಕು. ಮೇಲೆ ಕೊಟ್ಟ ವರ್ಷಗಳು ಇಂಗಾಲದ ಲೆಕ್ಕದ ವರ್ಷಗಳು. ಪಂಚಾಂಗದ ವರ್ಷಗಳಿಗೆ ತಿರುಗಿಸಿದರೆ ಹಿಮಯುಗದ ಕಾಲಕ್ಕೆ ಮೂರು ನಾಲ್ಕು ಸಾವಿರದಷ್ಟು ಹಿಂದಕ್ಕೆ ಹೋಗುತ್ತವೆ. ಹಿಮಯುಗದ ಗಾಳಿಯಲ್ಲಿ ಇಂಗಾಲಾಮ್ಲ ಕಡಿಮೆಯಿತ್ತು. ಅಂಥ ಗಾಳಿಯಲ್ಲಿ ರಾಗಿಯ ಪಂಗಡಕ್ಕೆ ಅನುಕೂಲ ಹೆಚ್ಚು. ಆದ್ದರಿಂದ ಹುಲ್ಲು ಹಬ್ಬಿದುದಕ್ಕೆ ಬರವೊಂದೇ ಕಾರಣವಲ್ಲವೆಂದು ಹೇಳುವ ವಿದ್ವಾಂಸರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಬೆಟ್ಟದ ಎಲ್ಲ ಭಾಗಗಳ ಕಥೆಯೂ ಒಂದೇ ಅಲ್ಲವೆಂದು ೨೦೦೭ರ ಇನ್ನೊಂದು ಅಧ್ಯಯನ ತೋರಿಸಿತು. ಪಶ್ಚಿಮದ ಅಂಚಿಗೆ ಬೀಳುವ ಮಳೆಯೆಲ್ಲಿ, ಪೂರ್ವದ ಇಳಿಜಾರಿಗೆ ಬೀಳುವ ಮಳೆಯೆಲ್ಲಿ! ಇನ್ನು ೬೦೦ ವರ್ಷಗಳ ಹಿಂದಿನ ಹಸಿಗಾಲದ ವಿಚಾರ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ದಖ್ಖನಿನಲ್ಲಿ ದುರ್ಗಾದೇವಿಯ ಬರವೆಂದು ಹೆಸರಾದ ಘೋರ ಕ್ಷಾಮ ಬಂದಿತ್ತು. ಮಧ್ಯಭಾರತದ ದಂಡಕ ಗುಹೆಯಲ್ಲಿ ತೊಟ್ಟಿಕ್ಕಿ ಬೆಳೆದ ಸುಣ್ಣಕಲ್ಲಿನ ಪದರಗಳೂ ಆ ಕಾಲದಲ್ಲಿ ಮುಂಗಾರು ಮತ್ತೆ ಮತ್ತೆ ಕೈಕೊಟ್ಟಿತೆನ್ನುತ್ತವೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನೀಲಗಿರಿಯು ತೊಯ್ದಿತ್ತೆಂದರೆ ಹೇಗೆ? ನೀಲಗಿರಿಗೆ ಮುಂಗಾರು ಹಿಂಗಾರು ಎರಡೂ ಉಂಟು. ಮೇಲಾಗಿ ಜೌಗಿನ ಕಾಲಗಣನೆಯಲ್ಲಿ ನೂರು ವರ್ಷ ಹಿಂದುಮುಂದಾಗುವುದು ಸಹಜ. ಇವೆರಡನ್ನೂ ಜ್ಞಾಪಕದಲ್ಲಿಟ್ಟುಕೊಂಡರೆ ವಿರೋಧವು ತಕ್ಕಮಟ್ಟಿಗೆ ಶಮನವಾದೀತೆಂದು ನಮ್ಮ ಊಹೆ.

ಇಷ್ಟೆಲ್ಲ ಮಿತಿಗಳಿದ್ದರೂ ಒಂದು ಮಾತು ಮಾತ್ರ ನಿಶ್ಚಯವಾಗಿ ನಿಲ್ಲುತ್ತದೆ. ಬೆಟ್ಟದಲ್ಲಿ ಹುಲ್ಲುಗಾವಲು ಇಪ್ಪತ್ತು ಸಾವಿರ ವರ್ಷಗಳಿಗೂ ಹಿಂದಿನಿಂದ ಇದೆ. ತೋಡರ ಹೆಸರು ಶಾಸನದಲ್ಲಿ ಬಂದು ಒಂಬೈನೂರು ವರ್ಷ. ಬೆಟ್ಟದ ತುದಿಗಳಲ್ಲಿರುವ ಪುರಾತನ ಗೋರಿಕಲ್ಲುಗಳು ಮನುಷ್ಯವಾಸವನ್ನು ಇನ್ನಷ್ಟು ಹಿಂದಕ್ಕೆ ಒಯ್ದರೂ ಹಿಮಯುಗಕ್ಕೆ ಒಯ್ಯಲಾರವು. ಬಡಗರಂತೂ ತಮ್ಮ ಹೆಸರೇ ಹೇಳುವಂತೆ ಬಡಗಣಿಂದ, ನಮ್ಮ ಮೈಸೂರು ಸೀಮೆಯ ದಕ್ಷಿಣ ಭಾಗದಿಂದ ಹೋದವರು. ೧೬೦೩ರಲ್ಲಿ ಬೆಟ್ಟವನ್ನೇರಿದ ಫೆನಿಸಿಯೋ ಎಂಬ ಕ್ರೈಸ್ತ ಪಾದ್ರಿ ಅವರನ್ನು ಅಲ್ಲಿ ಕಂಡಿದ್ದಾನೆ. ಹುಲ್ಲುಗಾವಲನ್ನು ಹುಟ್ಟಿಸಿದವರು ಇವರೆಂಬ ಆರೋಪ ಕೆಸರಿನ ಸಾಕ್ಷ್ಯದ ಮುಂದೆ ನಿಲ್ಲದು. ಬೆಂಕಿಯ ಪಾತ್ರ ಏನೂ ಇಲ್ಲವೆಂದಲ್ಲ. ಕಾಡಿನ ಅಂಚನ್ನು ಅದು ಅಲ್ಲಲ್ಲಿ ಹಿಂದೂಡಿರಬಹುದು. ಬೋರ್ ಅವರ ವಾದದಲ್ಲಿ ಅಷ್ಟು ಅಂಶ ಉಳಿಯುತ್ತದೆ. ಆದರೆ ಸ್ಮಶಾನವೆಂದು ಕರೆದುದು ಹುಟ್ಟಿದ ಮನೆಯೇ ಆಗಿತ್ತು. ರಂಗನಾಥನ್ ಅವರ ಪಕ್ಷಕ್ಕೆ ಸಾಕ್ಷಿ ದೊರೆಯಲು ಐವತ್ತೈದು ವರ್ಷ ಬೇಕಾಯಿತು.

ತೀರ್ಪು ಬರುವಷ್ಟರಲ್ಲಿ ಆಸ್ತಿ ಬಹುಪಾಲು ಪರಭಾರೆಯಾಗಿತ್ತೆಂಬುದೇ ದುಃಖದ ಸಂಗತಿ. ೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ನೀಲಗಿರಿ ಕಂಪೆನಿಯ ಕೈಸೇರಿತು. ೧೮೧೯ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟವನ್ನೇರಿದನು. ಆತನು ೧೮೨೩ರಿಂದ ೧೮೨೫ರವರೆಗೆ ಹಳ್ಳಗಳಿಗೆ ಅಡ್ಡಗಟ್ಟೆ ಹಾಕಿಸಿ ಉದಕಮಂಡಲದ ಸರೋವರವನ್ನು ನಿರ್ಮಿಸಿದನು. ಪ್ರವಾಸಿಗಳು ಪ್ರಕೃತಿಯ ಸೊಬಗೆಂದು ಕೊಂಡಾಡುವ ಆ ಸರೋವರ ಇನ್ನೂರು ವರ್ಷದ ಕೂಸು. ಅದರ ಒಂದು ಭಾಗವನ್ನು ಬತ್ತಿಸಿ ಮುಂದೆ ಕುದುರೆಪಂದ್ಯದ ಬಯಲನ್ನೂ ಬಸ್ ನಿಲ್ದಾಣವನ್ನೂ ಮಾಡಿದರು. ೧೮೪೦ರ ದಶಕದಲ್ಲಿ ಆಸ್ಟ್ರೇಲಿಯದಿಂದ ಒಂದು ಮರ ಬಂದಿತು. ಕನ್ನಡಿಗರು ಅದನ್ನು ನೀಲಗಿರಿ ಮರವೆಂದೇ ಕರೆಯುತ್ತಾರೆ! ನೀಲಗಿರಿಯ ಹುಲ್ಲನ್ನೂ ನೀರನ್ನೂ ಹೀರಿದ ಮರಕ್ಕೆ ನೀಲಗಿರಿಯ ಹೆಸರನ್ನೇ ಕೊಟ್ಟ ನಮ್ಮ ಜಾಣತನಕ್ಕೆ ಏನೆನ್ನೋಣ? ಅದರ ಹಿಂದೆಯೇ ವಾಟಲ್ ಬಂದಿತು. ಸ್ವಾತಂತ್ರ್ಯಾನಂತರವೂ ತೊಗಲು ಹದಮಾಡುವ ಮತ್ತು ಕೃತಕ ರೇಷ್ಮೆಯ ಉದ್ಯಮಗಳಿಗಾಗಿ ಇವೆರಡನ್ನೂ ವಿಸ್ತಾರವಾಗಿ ನೆಟ್ಟರು. ಪೈಕಾರ, ಮುಕುರ್ತಿ, ಕುಂದಾ ವಿದ್ಯುತ್ ಯೋಜನೆಗಳ ಜಲಾಶಯಗಳಲ್ಲಿ ಎಷ್ಟೋ ಕಣಿವೆಗಳು ಮುಳುಗಿದವು. ವಿದ್ಯುತ್ ಬೇಡವೆಂದು ನಾವು ಹೇಳುವುದಿಲ್ಲ. ಅದರ ಬೆಳಕಿನಲ್ಲಿಯೇ ಈ ಲೇಖನವನ್ನು ಬರೆದಿದ್ದೇವೆ. ಉಳಿದ ತಗ್ಗುಗಳಲ್ಲಿ ಅನೇಕವನ್ನು ಕಾಲುವೆ ತೋಡಿ ಬಸಿದು ಆಲೂಗೆಡ್ಡೆ, ಗಜ್ಜರಿ, ಕೋಸುಗಳನ್ನು ಬೆಳೆಯುತ್ತಾರೆ. ಮೇಲುಬೆಟ್ಟದ ಒಳಭಾಗದಲ್ಲಿ, ಮುಕುರ್ತಿಯ ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗೆ, ಹುಲ್ಲೂ ಜೌಗೂ ಇನ್ನೂ ಹಳೆಯ ರೂಪದಲ್ಲಿವೆ.

ಬೆಟ್ಟದವರ ಸುಖದುಃಖ ಬಯಲಿನ ನಮಗೇಕೆ ಎಂದು ಕೇಳುವವರಿಗೆ ನದಿಯನ್ನು ತೋರಿಸಬೇಕು. ಪೈಕಾರ ಹೊಳೆಯೇ ಬೆಟ್ಟವಿಳಿದು ಮೋಯಾರ್ ಆಗುತ್ತದೆ. ದಿಂಬಂ ಘಟ್ಟದ ಕಡೆ ನಿಂತರೆ ಕೆಳಗೆ ಕಾಣುವ ಕಮರಿ ಅದರದು. ಮುಂದೆ ಅದು ಭವಾನಿಸಾಗರದಲ್ಲಿ ಭವಾನಿಯನ್ನು ಕೂಡಿ ಕೆಳಗಿನ ಗದ್ದೆಗಳಿಗೆಲ್ಲ ಹರಿಯುತ್ತದೆ. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ತೊಟ್ಟುತೊಟ್ಟಾಗಿ ಹೊಳೆಗೆ ಬಿಡುವ ಕೆಲಸ ಆ ಜೌಗುಗಳದು. ಹಿಂದಿನ ಬರಗಳನ್ನು ಅವು ಸಹಿಸಿದುವಲ್ಲ, ಈಗಲೂ ಸಹಿಸಿಯಾವು ಎಂಬ ವಾದವನ್ನು ನಾವು ಕೇಳಿದ್ದೇವೆ. ಹಿಂದೆ ಮಳೆ ಸೊರಗಲು ಸಾವಿರಾರು ವರ್ಷ ಹಿಡಿಯುತ್ತಿತ್ತು. ಜೌಗಿನ ಮೈಗೆ ಕಾಲುವೆಯ ಗಾಯವೂ ಇರಲಿಲ್ಲ. ಈಗ ಗಾಳಿಯ ಇಂಗಾಲಾಮ್ಲವು ಕಾರ್ಖಾನೆಗಳ ಯುಗಕ್ಕೆ ಮೊದಲು ಹತ್ತು ಲಕ್ಷಕ್ಕೆ ೨೮೦ ಪಾಲು ಇದ್ದುದು ೪೨೦ನ್ನು ದಾಟಿದೆ. ಬಸಿದ ಜೌಗು ಒಣಗಿ ಕೊಳೆಯತೊಡಗಿದರೆ ಸಾವಿರಾರು ವರ್ಷ ಕೂಡಿಟ್ಟ ಇಂಗಾಲವನ್ನು ತಾನೂ ಅದೇ ಗಾಳಿಗೆ ಸೇರಿಸುತ್ತದೆ.

ತೋಡರ ದೇವಮಂದಿರಗಳು ಅರ್ಧ ಪೀಪಾಯಿಯನ್ನು ಮಗುಚಿಟ್ಟಂತೆ ಕಾಣುವ ಹುಲ್ಲಿನ ಮನೆಗಳು. ಅವುಗಳಿಗೆ ಹೊದಿಸುವ ಹುಲ್ಲು ಎಲ್ಲೆಂದರಲ್ಲಿ ಬೆಳೆಯುವುದಲ್ಲ. ಅದು ಜೌಗಿನಲ್ಲಿಯೇ ಬೆಳೆಯಬೇಕು. ಸಸ್ಯಶಾಸ್ತ್ರಜ್ಞರು ಅದಕ್ಕೆ ರಂಗಾಚಾರಿ ಎಂಬ ನಮ್ಮ ದೇಶದ ಹುಲ್ಲುಗಳ ಪಂಡಿತರ ಹೆಸರನ್ನು ಸೇರಿಸಿ ನಾಮಕರಣ ಮಾಡಿದ್ದಾರೆ. ಹಿಂದೆ ಮಂದೆಯ ಪಕ್ಕದ ತಗ್ಗಿನಲ್ಲಿ ಕೊಯ್ಯುತ್ತಿದ್ದ ಹುಲ್ಲಿಗಾಗಿ ಈಗ ಬಹುದೂರ ಅಲೆಯಬೇಕಾಗಿದೆಯೆಂದು ನಮ್ಮೊಡನೆ ಬಂದ ಹಿರಿಯರು ಹೇಳಿದರು. ಅವರ ಮಾತು ಬಡಗ ನುಡಿ. ಮಕ್ಕಳಿಗೆ ಮೊದಲು ನಗು ಬಂದರೂ ಹತ್ತು ನಿಮಿಷದಲ್ಲಿ ಅರ್ಥವಾಗತೊಡಗಿತು. ಹಳಗನ್ನಡ ಓದಿದ ನಮಗೆ ಇನ್ನೂ ಬೇಗ.

ಹ್ಞಾಂ, ಆ ಚಪ್ಪಲಿಯ ಮಾತು. ಹಿರಿಯರು ಗುದ್ದಲಿ ತರಿಸಿ ಅಗೆದು ತೆಗೆದುಕೊಟ್ಟರು. ಚಪ್ಪಲಿಯೊಡನೆ ಒಂದು ಹೆಂಟೆ ಕರಿಮಣ್ಣೂ ಬಂದಿತು. ನೀರು ಹಿಂಡಿದರೆ ಹಿಂಡಿದಷ್ಟೂ ಇಳಿಯುತ್ತಿತ್ತು, ಒಳಗೆ ಹುಲ್ಲಿನ ನಾರು ನಾರಾಗಿಯೇ ಕಾಣುತ್ತಿತ್ತು. ಆ ಹುಡುಗ ಅದನ್ನು ತನ್ನ ಊಟದ ಡಬ್ಬಿಯಲ್ಲಿ ತುಂಬಿಕೊಂಡು ಊರಿಗೆ ತಂದನು. ತಿಂಗಳೊಪ್ಪತ್ತಿನಲ್ಲಿ ಅದು ಒಣಗಿ ಅರ್ಧಕ್ಕಿಂತ ಕಡಿಮೆಯಾಗಿ, ಕಲ್ಲಿದ್ದಲಿನ ಚೂರಿನಂತೆ ಗಟ್ಟಿಯಾಯಿತು. ಮತ್ತೆ ಉಬ್ಬೀತೆಂದು ನೀರಿನಲ್ಲಿ ಹಾಕಿ ನೋಡಿದೆವು. ನೀರು ಮೇಲಿನಿಂದ ಜಾರಿಹೋಯಿತೇ ಹೊರತು ಒಳಗೆ ಇಳಿಯಲಿಲ್ಲ. ನಮ್ಮ ಶಾಲೆಯ ಬೀರುವಿನಲ್ಲಿ, ವೀರಗಲ್ಲುಗಳ ಛಾಯಾಚಿತ್ರಗಳ ಪಕ್ಕದಲ್ಲಿ ಅದನ್ನು ಇಟ್ಟಿದ್ದೇವೆ.